ಎಣ್ಣೆ ಜಾಡಿ

ನಮ್ಮ ಬೀದಿಯಲ್ಲಿ ನಾನು ಅಡ್ಡಹೆಸರಿಡದ ನರಪ್ರಾಣಿಯಿಲ್ಲ. ಮೂಲೆ ಅಂಗಡಿಯವನು ಹಸಿಮೆಣಸು, ಎದುರು ಮನೆಯ ಕಮ್ಮಾರ ಗೂಬೆ, ಬಿಲ್ಲು ಬಾಣ ಹಿಡಿಯುವುದು ಕಲಿಸುವ ಮೇಷ್ಟ್ರು ಕೊಕ್ಕರೆ. ಬೆಳಿಗ್ಗೆ ನನ್ನ ಬಾಯಿಂದ ಬಿದ್ದ ಹೆಸರು ಸಂಜೆಯೊಳಗೆ ಬೀದಿಯ ಆ ತುದಿ ಮುಟ್ಟಿರುತ್ತದೆ. ಬಾಯಿ ಜೋರು, ಮನಸ್ಸು ಒಳ್ಳೇದು ಎಂದು ಜನ ನನ್ನ ಬಗ್ಗೆ ಹೇಳುತ್ತಾರೆ. ನಾನೂ ಹಾಗೇ ನಂಬಿಕೊಂಡಿದ್ದೆ.

ನನ್ನ ಗಂಡನ ತಂಗಿಗೆ ಎಣ್ಣೆ ಜಾಡಿ ಎಂದು ಹೆಸರಿಟ್ಟವಳೂ ನಾನೇ. ನಾದಿನಿ ಬೆಳಗಿನ ಹೊತ್ತು ಎಣ್ಣೆ ಗಿರಣಿಯಲ್ಲಿ ಹಿಂಡಿ ಚೀಲ ತುಂಬುತ್ತಿದ್ದಳು, ಮಧ್ಯಾಹ್ನ ನಾನೂ ಗಂಡನೂ ಬಿಲ್ಲು ಮಾಡುವ ಶೆಡ್ಡಿಗೆ ಬಂದು ಕೈಜೋಡಿಸುತ್ತಿದ್ದಳು. ಕಟ್ಟಿಕೊಂಡವನನ್ನು ಬಿಟ್ಟು ಬಂದವಳು. ಅಣ್ಣನ ಮನೆಯಲ್ಲಿ ಕೂತು ತಿನ್ನುವುದಿಲ್ಲ ಎಂದು ಹಟ ಹಿಡಿದು ಗಿರಣಿಯ ಹಿಂದೆಯೇ ಒಂದು ಕೋಣೆ ಮಾಡಿಕೊಂಡಿದ್ದಳು. ಗಿರಣಿ ಬಿಟ್ಟು ನಮ್ಮ ಕೆಲಸವನ್ನೇ ಪೂರ್ತಿ ಹಿಡಿಯಬೇಕೆಂಬುದು ಅವಳ ಆಸೆ. ನೀನೊಬ್ಬಳೇ ಮಾಡಿದ ಬಿಲ್ಲನ್ನು ಮೇಷ್ಟ್ರು ಒಪ್ಪಿಕೊಳ್ಳಲಿ, ಆಮೇಲೆ ನನ್ನ ಪಕ್ಕದ ಮೇಜು ನಿನ್ನದು ಎಂದು ನಾನು ಮಾತು ಕೊಟ್ಟಿದ್ದೆ.

ಮರದ ಬಿಲ್ಲು ಬಾಗಿದಾಗ ಅದರ ಬೆನ್ನು ಹಿಗ್ಗುತ್ತದೆ, ಸೀಳುವುದೂ ಅಲ್ಲೇ. ಅದಕ್ಕೇ ದನದ ಕಾಲಿನ ಒಣಗಿದ ನರವನ್ನು ಕುಟ್ಟಿ, ಎಳೆ ಎಳೆಯಾಗಿ ಬಿಡಿಸಿ, ಬಿಸಿ ಅಂಟಿನಲ್ಲಿ ಅದ್ದಿ ಬೆನ್ನಿನುದ್ದಕ್ಕೂ ಕೂರಿಸುತ್ತೇವೆ. ಆ ಅಂಟೂ ಚರ್ಮ ಬೇಯಿಸಿ ತೆಗೆದದ್ದೇ. ಒಣಗುತ್ತಾ ನರ ಬಿಗಿದುಕೊಂಡು ಮರವನ್ನು ತಬ್ಬಿ ಹಿಡಿಯುತ್ತದೆ. ಇದಕ್ಕೆ ಮೊದಲ ಶತ್ರು ಜಿಡ್ಡು. ಬೂದಿ ನೀರಿನಲ್ಲಿ ಮರವನ್ನೂ ತೊಳೆಯಬೇಕು, ಕೈಯನ್ನೂ ತೊಳೆಯಬೇಕು. ಇನ್ನೊಂದು ಶತ್ರು ಬೆಂಕಿ. ಅಂಟಿನ ಪಾತ್ರೆಯನ್ನು ನೀರಿನ ಪಾತ್ರೆಯೊಳಗೆ ಇಟ್ಟು ಹದವಾಗಿ ಕಾಯಿಸುತ್ತೇವೆ. ಹೊರಪಾತ್ರೆಯ ನೀರು ಬತ್ತಿಹೋದರೆ ಅಂಟು ತಳ ಹಿಡಿಯುತ್ತದೆ, ಕೂದಲು ಸುಟ್ಟ ವಾಸನೆ ಒಂದು ಗಳಿಗೆ ಬಂದು ಗಾಳಿಗೆ ಹೋಗಿಬಿಡುತ್ತದೆ. ಆಮೇಲೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಅಂಟು ಮಾತ್ರ ಸತ್ತಿರುತ್ತದೆ. ಆದ್ದರಿಂದ ನಮ್ಮಲ್ಲಿ ಅಂಟಿನ ಒಲೆ ನನ್ನ ಯಜಮಾನರದು. ಅವರ ಮೂಗಿಗೆ ಅಂಥ ಹೆಸರು.

ನಾದಿನಿ ತನ್ನ ಬಿಲ್ಲಿಗೆ ನರ ಕೂರಿಸಲು ಬಂದ ದಿನ ಅಂಟು ಒಲೆಯ ಮೇಲಿತ್ತು. ಅವಳು ಬಂದವಳೇ ಅಣ್ಣನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಕೆಲವು ತಿಂಗಳಿಂದ ಇದೊಂದು ಅಭ್ಯಾಸ ಮಾಡಿಕೊಂಡಿದ್ದಳು. ಅಣ್ಣ ತಂಗಿ ಅದೇನು ಗುಸುಗುಸು ಎಂದು ನನಗೆ ಒಳಗೊಳಗೇ ಉರಿ.

"ಏನೇ, ಕೈ ತೊಳ್ಕೊಂಡ್ಯಾ?" ಎಂದೆ.

"ತೊಳೆದಿದೀನಿ ಅತ್ತಿಗೆ. ಎರಡು ಸಲ."

"ಇನ್ನೊಂದ್ಸಲ ತೊಳಿ ಹೋಗು."

"ಅಂಟು ಇಳಿಸಿದ ಮೇಲೆ ಹೋಗ್ತೀನಿ. ಅಲ್ಲೀವರ್ಗೂ ಇಲ್ಲೇ ಇರ್ತೀನಿ."

"ಯಾಕೆ, ನಿಮ್ಮಣ್ಣನಿಗೆ ಅಂಟು ಕಾಯ್ಸೋದು ನೀನು ಹೇಳಿಕೊಡ್ಬೇಕಾ? ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯ್ತು. ಎದ್ದೇಳೇ ಎಣ್ಣೆ ಜಾಡಿ!"

ಬಾಗಿಲಲ್ಲಿ ನಿಂತಿದ್ದ ಕಮ್ಮಾರ ಗಹಗಹಿಸಿ ನಕ್ಕ. ಅವಳೂ ನಕ್ಕಳು. ಎರಡು ಸಲ ಅಣ್ಣನ ಮುಖ ನೋಡಿ, ಎದ್ದು ಹಿತ್ತಲ ತೊಟ್ಟಿಗೆ ಹೋದಳು. ನಾನು ಕಮ್ಮಾರನ ಜೊತೆ ಹರಟುತ್ತಾ ಬೀದಿಗೆ ಇಳಿದೆ. ನಾನೂ ನಾದಿನಿಯೂ ವಾಪಸು ಬರುವಷ್ಟರಲ್ಲಿ ಪಾತ್ರೆ ಕೆಳಗಿಳಿದಿತ್ತು, ಕಿಟಕಿಗಳು ತೆರೆದಿದ್ದವು. ಆ ಮಧ್ಯಾಹ್ನವೆಲ್ಲ ನಾದಿನಿ ಉಸಿರು ಬಿಗಿಹಿಡಿದು ಎಳೆಯ ಪಕ್ಕ ಎಳೆ ಕೂರಿಸಿದಳು. ಒಂದೂ ಗಂಟಿಲ್ಲ, ಒಂದೂ ಸುಕ್ಕಿಲ್ಲ. ಚೆನ್ನಾಗಿದೆ ಅನ್ನಲು ನನಗೆ ಬಾಯಿ ಬರಲಿಲ್ಲ.

ಬಿಲ್ಲು ನೆರಳಲ್ಲಿ ತಿಂಗಳುಗಟ್ಟಲೆ ಒಣಗಿತು. ಕೊನೆಗೆ ಮೇಷ್ಟ್ರು ತಮ್ಮ ಶಿಷ್ಯರನ್ನೂ ಕರೆದುಕೊಂಡು ಬಂದರು. ಕಮ್ಮಾರನೂ ಅವನ ಹೆಂಡತಿಯೂ ನೋಡಲು ಬಂದರು. ನಾದಿನಿ ಗಿರಣಿಗೆ ರಜ ಹಾಕಿ, ತಲೆ ಬಾಚಿಕೊಂಡು, ಮದುವೆಗೆ ಹೊರಟವಳಂತೆ ಬಂದಿದ್ದಳು. ಮೇಷ್ಟ್ರು ಹೆದೆ ಏರಿಸಿ ನಿಧಾನವಾಗಿ ಎಳೆದರು. ಅರ್ಧಕ್ಕೆ ಬಂದಾಗ ಚಟ್ ಎಂದು ಸದ್ದಾಯಿತು. ಬೆನ್ನಿನ ನರ ಗೋಡೆಯ ಹಳೆ ಸುಣ್ಣದಂತೆ ಎದ್ದು ನಿಂತಿತು.

ನಾನು ಬಿಲ್ಲನ್ನು ಕೈಗೆ ತೆಗೆದುಕೊಂಡು ನೋಡಲೂ ಇಲ್ಲ. ತೀರ್ಪು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ಹೇಳಿರ್ಲಿಲ್ವಾ ನಾನು? ಜಿಡ್ಡು! ಎಣ್ಣೆ ಜಾಡಿ ಕೈಗೆ ಬಿಲ್ಲು ಕೊಟ್ರೆ ಇನ್ನೇನಾಗುತ್ತೆ? ಹಿಂಡಿ ತುಂಬೋ ಕೈ ಹಿಂಡಿನೇ ತುಂಬಲಿ. ಮೇಷ್ಟ್ರ ಮುಂದೆ ನಮ್ಮ ಮಾನ ಕಳೆದ್ಯಲ್ಲೇ!"

ನಾದಿನಿ ತನ್ನ ಕೈ ನೋಡಿಕೊಂಡಳು. ಆಮೇಲೆ ಅಣ್ಣನನ್ನು ನೋಡಿ, ಬೇಡ ಎನ್ನುವಂತೆ ತಲೆಯಾಡಿಸಿದಳು. ಯಾಕೆಂದು ನನಗೆ ಆಗ ಹೊಳೆಯಲಿಲ್ಲ. "ತಪ್ಪಾಯ್ತು ಅತ್ತಿಗೆ" ಎಂದಷ್ಟೇ ಹೇಳಿ, ಮೊಳೆಗೆ ತನ್ನ ಏಪ್ರನ್ ತೂಗುಹಾಕಿ ಹೊರಟುಹೋದಳು. ಮೇಷ್ಟ್ರ ಹುಡುಗರು ಕಿಸಕ್ಕೆಂದರು. ನನಗೆ ಆಗ, ನಿಜ ಹೇಳಬೇಕೆಂದರೆ, ಒಂಥರಾ ಹಗುರವಾಗಿತ್ತು.

ಅದಾದ ಮುಂದಿನ ವಾರ ಬಿಲ್ಲಿಗೆ ಮರ ನೋಡಿಕೊಂಡು ಮನೆಗೆ ಬರುತ್ತಿದ್ದೆ. ಗೇಟಿನ ಹತ್ತಿರವೇ ಕೂದಲು ಸುಟ್ಟ ವಾಸನೆ ಗಪ್ಪೆಂದು ಹೊಡೆಯಿತು. ಏನೋ ಅನಾಹುತವಾಯಿತೆಂದು ಎದ್ದೆನೋ ಬಿದ್ದೆನೋ ಎಂದು ಓಡಿದೆ. ಶೆಡ್ಡಿನೊಳಗೆ ಕಣ್ಣು ಉರಿಯುವಷ್ಟು ಘಾಟು. ನನ್ನ ಗಂಡ ಒಲೆಯ ಮುಂದೆ ತಣ್ಣಗೆ ಕೂತು ಅಂಟು ಕದಡುತ್ತಿದ್ದರು. ನನ್ನನ್ನು ಕಂಡು ಕೋಲನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಮೂಸಿ, "ಹದವಾಗಿದೆ ನೋಡು" ಎಂದರು.

ಹೊರಪಾತ್ರೆಯಲ್ಲಿ ಒಂದು ಹನಿ ನೀರಿರಲಿಲ್ಲ.

"ರೀ, ನಿಮಗೆ ವಾಸನೆ ಬರ್ತಿಲ್ವಾ?"

ಅವರು ಕೋಲು ಕೆಳಗಿಟ್ಟರು. ಅವರ ಮುಖ ನೋಡಿದರೆ ಸಾಕಾಗಿತ್ತು.

"ಆ ಜ್ವರ ಬಂದಿತ್ತಲ್ಲ, ಅವತ್ತಿಂದ ಏನೂ ಬರಲ್ಲ ಕಣೇ" ಎಂದರು.

ಅಯ್ಯೋ ದೇವರೇ! ಇವತ್ತು ಬೆಳಿಗ್ಗೆಯಷ್ಟೇ ನಾನು ಹಾಲು ಸೀಯಿಸಿದ್ದೆ. ಅದನ್ನೇ ಲೋಟಕ್ಕೆ ಹಾಕಿಕೊಟ್ಟರೆ ಘಮ್ ಅಂತಿದೆ ಎಂದು ಕುಡಿದಿದ್ದರು. ಈ ಮನುಷ್ಯನ ಹೊಗಳಿಕೆ ಕೇಳಿ ನಾನು ಉಬ್ಬಿದ್ದೇ ಉಬ್ಬಿದ್ದು.

"ಯಾರಿಗೆ ಗೊತ್ತು ಇದು?"

"ತಂಗಿಗೆ. ಅವಳೇ ದಿನಾ ಪಕ್ಕದಲ್ಲಿ ಕೂತು ನನ್ನ ಬದಲು ಮೂಸಿ ಹೇಳ್ತಿದ್ಲು. ಅವತ್ತು ನೀನು ಕೈ ತೊಳಿ ಅಂತ ಕಳಿಸ್ದೆ."

ಗೋಡೆಯಲ್ಲಿ ತೂಗುತ್ತಿದ್ದ ನಾದಿನಿಯ ಬಿಲ್ಲನ್ನು ಇಳಿಸಿ ಬೆಳಕಿಗೆ ಹಿಡಿದೆ. ಜಿಡ್ಡಿನಿಂದ ಬಿಟ್ಟುಕೊಂಡ ನರ ಇಡಿಯಾಗಿ, ಹೊಳೆಯುತ್ತಾ ಏಳುತ್ತದೆ. ಸುಟ್ಟ ಅಂಟಾದರೆ ಪುಡಿ ಉದುರುತ್ತದೆ. ನಾನು ಉಗುರಿನಲ್ಲಿ ಕೆರೆದೆ. ಕಂದು ಪುಡಿ ಅಂಗೈಗೆ ಉದುರಿತು. ಇದನ್ನು ಮೊದಲ ದಿನವೇ ನೋಡಬಹುದಿತ್ತು. ಇಷ್ಟು ವರ್ಷ ಈ ಕೆಲಸ ಮಾಡಿ ಬೆಳ್ಳಗಾದ ತಲೆಗೆ ಅಷ್ಟೂ ತೋಚಲಿಲ್ಲ.

ಮೊದಲು ಸಿಟ್ಟೆಲ್ಲ ಗಂಡನ ಮೇಲೆ ತಿರುಗಿತು. "ಒಡಹುಟ್ಟಿದವಳ ಮಾನ ಹೋಗ್ತಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ರಲ್ಲ! ನೀವೊಬ್ಬ ಗಂಡಸಾ?"

"ಬಾಯಿ ತೆಗೀಬೇಕು ಅಂದ್ಕೊಂಡೆ, ಅವಳು ಬೇಡ ಅಂದ್ಲು. ನಾನೂ ಸುಮ್ಮನಾದೆ" ಎಂದು ಅವರು ತಲೆ ತಗ್ಗಿಸಿದರು. "ನಿನ್ನ ಬಾಯಿಗೆ ಹೆದರಿದೆ ಕಣೇ. ಗೊತ್ತಾಗಿದ್ರೆ ನೀನು ನನಗೂ ಒಂದು ಹೆಸರಿಡ್ತಿದ್ದೆ. ಸಂಜೆಯೊಳಗೆ ಊರಿಗೆಲ್ಲ ಹಬ್ಬಿರ್ತಿತ್ತು."

ಇಲ್ಲ ಅನ್ನಲು ಹೋದೆ. ಮೂಗಿಲ್ಲದ ಆ ಮುಖಕ್ಕೆ ಹೊಂದುವ ಹೆಸರೊಂದು ಆಗಲೇ ನನ್ನ ತಲೆಗೆ ಬಂದುಬಿಟ್ಟಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಅಂದೇ ಗಿರಣಿಯ ಕಡೆ ಹೋದೆ. ಅಲ್ಲಿ ಸಾಲಾಗಿ ಒಂದೇ ಥರದ ಕೋಣೆಗಳು. ನಾನು ಒಂದು ದಿನವೂ ಅವಳ ಹೊಸಿಲು ತುಳಿದಿರಲಿಲ್ಲ. ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸನ್ನು ಕೇಳಿದೆ.

"ಯಾರು, ಎಣ್ಣೆ ಜಾಡಿನಾ? ಆ ಕೊನೇ ಬಾಗಿಲು" ಎಂದಳು. ಅಣಕವೇನೂ ಇರಲಿಲ್ಲ. ಅದೇ ಅವಳ ಹೆಸರು ಎಂದುಕೊಂಡಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಾದಿನಿ ಬಾಗಿಲು ತೆರೆದವಳೇ ಎರಡೂ ಕೈಗಳನ್ನು ಬೆನ್ನ ಹಿಂದೆ ಸರಿಸಿದಳು. "ಬನ್ನಿ ಅತ್ತಿಗೆ, ಕೂತ್ಕೊಳ್ಳಿ" ಎಂದು ಕಾಲಿನಲ್ಲೇ ಸ್ಟೂಲು ತಳ್ಳಿದಳು.

"ಕೈ ತೋರಿಸು."

"ತೊಳೆದಿದೀನಿ ಅತ್ತಿಗೆ" ಎಂದಳು.

ನಾನೇ ಅವಳ ಕೈ ಹಿಡಿದು ಮುಂದಕ್ಕೆ ಎಳೆದೆ. ಬೆರಳುಗಳ ಸಂದೆಲ್ಲ ಕೆಂಪಗೆ ಬಿರಿದು, ಕೆಲವು ಕಡೆ ರಕ್ತ ಒಣಗಿತ್ತು. ಮೂಲೆಯಲ್ಲಿ ಬೂದಿ ನೀರಿನ ಬಕೆಟ್ಟು ಇತ್ತು.

"ಇದೇನೇ ಮಾಡ್ಕೊಂಡಿದೀಯ?"

"ಗಿರಣಿಯಿಂದ ಬಂದಾಗೆಲ್ಲ ತೊಳೀತೀನಿ. ಅಂಟು ಸುಟ್ಟಿತ್ತೋ ಏನೋ ಅಂತ ನನಗೂ ಅನುಮಾನ ಇತ್ತು. ಆದ್ರೂ ನೀವು ಅಷ್ಟು ಖಚಿತವಾಗಿ ಹೇಳಿದ್ರಲ್ಲ, ನಿಜವಾಗ್ಲೂ ನನ್ನ ಕೈದೇ ಇರಬಹುದೇನೋ ಅನ್ನಿಸ್ತು."

ಜಗಳಕ್ಕೆ ನಿಂತರೆ ಊರನ್ನೇ ಬಾಯಿಗೆ ಹಾಕಿಕೊಳ್ಳುವವಳು ನಾನು. ಅಲ್ಲಿ ಸ್ವರ ತಗ್ಗಿಸಿ, "ನಂದೇ ತಪ್ಪು ಕಣೇ. ವಾಪಸ್ ಬಾ" ಎಂದೆ.

"ಅಣ್ಣ ಹೇಳಿಬಿಟ್ನಾ?" ಎಂದು ಬೆಚ್ಚಿದಳು. "ಬರ್ತೀನಿ ಅತ್ತಿಗೆ. ಆದ್ರೆ ಅಣ್ಣನ ಮೂಗಿನ ವಿಷಯ ಯಾರಿಗೂ ಹೇಳಬಾರ್ದು. ಆ ಮೂಗೊಂದೇ ಅವನಿಗೆ ಇದ್ದ ಮರ್ಯಾದೆ."

ಮೇಷ್ಟ್ರನ್ನು ನಾನೇ ಮತ್ತೆ ಕರೆಸಿದೆ. ಅವತ್ತು ಯಾರ್ಯಾರಿದ್ದರೋ ಅವರೆಲ್ಲ ಇರಬೇಕೆಂದು ಕಮ್ಮಾರನನ್ನೂ ಅವನ ಹೆಂಡತಿಯನ್ನೂ ಹುಡುಗರನ್ನೂ ಕೂಗಿದೆ. ನಾದಿನಿ ಮೇಜಿನ ಹತ್ತಿರ, ನನ್ನ ಗಂಡ ಒಲೆಯ ಹತ್ತಿರ ನಿಂತಿದ್ದರು. ಬಿಲ್ಲನ್ನು ಎತ್ತಿ ಹಿಡಿದು ಎಲ್ಲರ ಮುಂದೆ ಪುಡಿ ಉದುರಿಸಿ ತೋರಿಸಿದೆ.

"ಇದು ಜಿಡ್ಡಲ್ಲ, ಸುಟ್ಟ ಅಂಟು. ಅವತ್ತು ಅಂಟು ಹಾಳು ಮಾಡಿದವಳು ನಾನು. ಇವಳ ಕೈಯಲ್ಲಿ ಒಂದು ಚೂರೂ ದೋಷ ಇರ್ಲಿಲ್ಲ. ಎಲ್ಲರ ಮುಂದೆ ಬೈದೆ, ಎಲ್ಲರ ಮುಂದೇನೇ ಹೇಳ್ತಿದೀನಿ. ನನ್ನನ್ನ ಕ್ಷಮಿಸು."

ನನ್ನ ಗಂಡ ಪಾತ್ರೆಯನ್ನೇ ನೋಡುತ್ತಿದ್ದರು. ಕಮ್ಮಾರ ಕಾಲು ಬದಲಿಸಿದ. ಯಾರಾದರೂ ನಗಲಿ, ಸುಟ್ಟ ಮಡಕೆ ಎಂದೋ ತಳ ಹಿಡಿದ ಬಾಯಿ ಎಂದೋ ನನಗೂ ಒಂದು ಹೆಸರಿಡಲಿ ಎಂದು ಕಾದು ನಿಂತೆ. ಯಾರೂ ಇಡಲಿಲ್ಲ.

"ಹೋಗ್ಲಿ ಬಿಡಮ್ಮ, ಆಗುತ್ತೆ" ಎಂದರು ಮೇಷ್ಟ್ರು. ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಮರ ಗಟ್ಟಿಯಾಗಿದೆ. ನರ ಪೂರ್ತಿ ತೆಗೆದು ಹೊಸದಾಗಿ ಕೂರಿಸಿದ್ರೆ ನಾನೇ ತಗೋತೀನಿ."

ನಾದಿನಿಯ ಮುಖ ಅರಳಿತು. ನಾನು ಅವಳಿಗೆಂದೇ ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿ ತಂದಿಟ್ಟಿದ್ದೆ. ಬಿರಿದ ಕೈಗೆ ಹಚ್ಚೋಣವೆಂದು ಹಿಡಿದರೆ ಬೆಂಕಿ ತಗುಲಿದವಳಂತೆ ಎಳೆದುಕೊಂಡಳು.

"ಬೇಡ ಅತ್ತಿಗೆ, ಕೆಲಸಕ್ಕೆ ಬಂದಿದೀನಿ."

"ಕೈ ವಾಸಿಯಾಗೋವರ್ಗೂ ಬಿಲ್ಲು ಕಾಯುತ್ತೆ. ಕೊಡೇ ಇಲ್ಲಿ" ಎಂದು ಬಲವಂತ ಮಾಡಿದೆ. ನಾನು ಹಚ್ಚುತ್ತಿದ್ದಷ್ಟು ಹೊತ್ತೂ ಅವಳು ಬಿಲ್ಲಿಗೆ ತಗುಲದಂತೆ ಮೊಣಕೈಯನ್ನು ದೂರ ಹಿಡಿದುಕೊಂಡೇ ಇದ್ದಳು.

ಎಲ್ಲರೂ ಹೊರಟರು. ಬಾಗಿಲು ದಾಟಿದ ಮೇಷ್ಟ್ರು ಏನೋ ನೆನಪಾಗಿ ಹಿಂದಿರುಗಿ ನೋಡಿದರು. ಪಾಪ, ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ.

"ಹಾಗಾದ್ರೆ ಎಣ್ಣೆ ಜಾಡಿ, ಬಿಲ್ಲು ಯಾವಾಗ ಕೊಡ್ತೀಯಮ್ಮ?"

ನಾನು ಬಾಯಿ ತೆರೆಯುವ ಮೊದಲೇ ನಾದಿನಿ ತನ್ನ ಹೆಸರಿಗೆ ಓಗೊಡುವಷ್ಟು ಸಹಜವಾಗಿ, "ಒಣಗಿದ ಮೇಲೆ ನಾನೇ ತಂದು ಕೊಡ್ತೀನಿ ಮೇಷ್ಟ್ರೇ" ಎಂದಳು.