ಇಳಿಜಾರಿನ ಲಾರಿ

ನಾನು ಹತ್ತು ಚಕ್ರದ ಡೀಸೆಲ್ ಟಿಪ್ಪರ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಮೇಲೆ ಯಾರೂ ಮರುಕಪಡಬೇಕಾಗಿಲ್ಲ. ಕಾರ್ಖಾನೆಯಲ್ಲಿ ಎಂಜಿನ್ ಕೂರಿಸಿ ಮೊದಲ ಸಲ ಚಾಲೂ ಮಾಡಿದಾಗ ಪಕ್ಕದಲ್ಲಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಆ ಸದ್ದಿನ ಜಂಬ ನನಗಿನ್ನೂ ಇಳಿದಿಲ್ಲ.

ಮೊದಲ ಒಡೆಯ ಹೊಸಪೇಟೆಯ ಮರಳು ವ್ಯಾಪಾರಿ. ಮೈಮುರಿಯುವಷ್ಟು ದುಡಿಸಿದ, ಒಂದು ದಿನವೂ ತೊಳೆಯಲಿಲ್ಲ, ಕೊನೆಗೆ ಸಂಡೂರಿನ ಗಾದಿಲಿಂಗಪ್ಪನಿಗೆ ಮಾರಿದ. ಗಾದಿಲಿಂಗಪ್ಪ ಹೆಸರಿಗೆ ಮಾಲೀಕ, ಕೆಲಸದಲ್ಲಿ ಡ್ರೈವರ್. ನಿಜವಾದ ಯಜಮಾನಿ ಅವನ ಹೆಂಡತಿ ಹುಲಿಗೆಮ್ಮ. ಲಾರಿಗಳು ನಿಲ್ಲುವ ಯಾರ್ಡಿನ ಪಕ್ಕದಲ್ಲಿ ಖಾನಾವಳಿ ನಡೆಸಿ ನನ್ನನ್ನು ಕೊಂಡವಳು ಅವಳೇ.

ನಮ್ಮ ಕೆಲಸ ಗುಡ್ಡದ ಮೇಲಿನ ಗಣಿಯಿಂದ ಅದಿರು ತುಂಬಿಕೊಂಡು ಕೆಳಗಿನ ರೈಲ್ವೆ ಸೈಡಿಂಗಿಗೆ ಇಳಿಯುವುದು, ಅಲ್ಲಿ ಸುರಿದು ಖಾಲಿಯಾಗಿ ಮತ್ತೆ ಹತ್ತುವುದು. ಹತ್ತುವಾಗ ಹಾಡಿಕೊಂಡು ಹೋಗುತ್ತಿದ್ದೆ. ಇಳಿಯುವಾಗಲೇ ಪ್ರಾಣಕ್ಕೆ ಬರುತ್ತಿತ್ತು. ಬೆನ್ನ ಮೇಲಿನ ಅದಿರು ಮುಂದಕ್ಕೆ ನೂಕುತ್ತಿತ್ತು, ಬ್ರೇಕ್ ಕಾದು ಸುಟ್ಟ ವಾಸನೆ ಏಳುತ್ತಿತ್ತು. ತಿರುವು ತಿರುವಿಗೂ ಬ್ರೇಕ್ ತುಳಿದು ತುಳಿದು ಗಾದಿಲಿಂಗಪ್ಪನ ಬಲ ಮೊಣಕಾಲು ಕೆಟ್ಟಿತು. ಸಂಜೆ ನನ್ನಿಂದ ಇಳಿಯುವಾಗ ಎರಡೂ ಕೈಯಲ್ಲಿ ಮೊಣಕಾಲನ್ನು ಹಿಡಿದುಕೊಳ್ಳುತ್ತಿದ್ದ. ಈ ಕಾಲು ಒಂದು ದಿನ ತಿರುವಿನಲ್ಲಿ ಕೈಕೊಟ್ಟರೆ ಏನು ಗತಿ ಎಂದು ಹುಲಿಗೆಮ್ಮ ಒಳಗೊಳಗೇ ನಡುಗುತ್ತಿದ್ದಳು.

ಅಷ್ಟರಲ್ಲಿ ಗಣಿಯವರು, ದೀಪಾವಳಿಯಿಂದಾಚೆ ಹಳೆಯ ಲಾರಿಗಳನ್ನು ಒಳಗೆ ಬಿಡುವುದಿಲ್ಲ ಎಂದರು. ಹೊಸದನ್ನು ಕೊಳ್ಳಲೇಬೇಕು. ಡೀಸೆಲ್ಲೋ, ಕರೆಂಟಿನದೋ? ಈ ಸಲ ತಪ್ಪಿದರೆ ಇನ್ನೊಂದು ಕೊಳ್ಳುವ ಶಕ್ತಿ ಆ ಮನೆಗಿರಲಿಲ್ಲ.

ಸಾಲುಸಾಲು ಲಾರಿಗಳ ಧಣಿ ಪಂಪಾಪತಿ ಯಾರ್ಡಿಗೇ ಹಿರಿಯ. "ಸದ್ದಿಲ್ಲದ ಲಾರಿ ಹೆಣ ಇದ್ದಂಗ. ಕಣ್ಮುಚ್ಚಿ ಡೀಸೆಲ್ ತಗಳ್ರಿ" ಎಂದ. ಗಾದಿಲಿಂಗಪ್ಪ ತಲೆಯಾಡಿಸಿದ. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು.

"ನೋಡ್ದೇ ಬ್ಯಾಡ ಅನ್ನಾದು ಹೆಂಗಣ್ಣ? ಎರಡೂ ಓಡಿಸಿ ನೋಡನ" ಎಂದಳು ಹುಲಿಗೆಮ್ಮ.

ನಮ್ಮ ಯಾರ್ಡಿಗೊಂದು ಪದ್ಧತಿಯಿದೆ. ಹೊಸ ಲಾರಿಗೆ ಕಾಯಿ ಒಡೆದು, ಮೈತುಂಬ ಅದಿರು ಹೇರಿ ಗುಡ್ಡ ಹತ್ತಿಸಬೇಕು. ಹತ್ತಿದರೆ ಗಂಡು ಲಾರಿ, ಏದುಸಿರು ಬಿಟ್ಟರೆ ವಾಪಸ್. ಕಂಪನಿಯವರು ಪರೀಕ್ಷೆಗೆಂದು ತಂದ ಹೊಸ ಡೀಸೆಲ್ಲು, ಕರೆಂಟಿನದು ಎರಡನ್ನೂ ಸೈಡಿಂಗಿನಲ್ಲಿ ತುಂಬಿಸಿ ಹತ್ತಿಸಿದರು. ನಾನು ಮೇಲೆ ಗಣಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಡೀಸೆಲ್ ಗುಡುಗುತ್ತ ಬಂತು. ಕರೆಂಟಿನದು ಸದ್ದಿಲ್ಲದೆ ಬಂತೇನೋ ನಿಜ, ಆದರೆ ಅದರ ಬ್ಯಾಟರಿ ಎಷ್ಟು ಇಳಿದಿತ್ತೆಂದರೆ ಕಂಪನಿಯವನ ಮುಖವೂ ಇಳಿಯಿತು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹುಲಿಗೆಮ್ಮ ನಗಲಿಲ್ಲ. "ಅಣ್ಣಾ, ನಾವು ಅದಿರು ಹೊತ್ಕಂಡು ಗುಡ್ಡ ಹತ್ತಿದ್ದು ಯಾವಾಗ?"

ಪಂಪಾಪತಿ ಇಳಿಜಾರಿನ ಕಡೆ ತಿರುಗಿ ನೋಡಿದ.

"ಅಪ್ಪನ ಕಾಲದಿಂದ ಇಳಸ್ತೀವಿ. ಪರೀಕ್ಷೆ ಮಾತ್ರ ಹತ್ತಿಸಿ ಮಾಡ್ತೀವಿ. ರೀ, ಇದೇ ಲೋಡ್ ತಗಂಡು ಇಳೀರಿ. ನಾನೂ ಕುಂದರ್ತೀನಿ."

ಎರಡರಲ್ಲೂ ಇಳಿದು, ಖಾಲಿ ಮಾಡಿ, ಮತ್ತೆ ಮೇಲೆ ಬಂದರು. ಗಾದಿಲಿಂಗಪ್ಪ ಎರಡೂ ಲಾರಿಗಳ ಚಕ್ರದ ಬಿಸಿ ಮುಟ್ಟಿ ನೋಡಿದ. ಆಮೇಲೆ, "ಹೊಸ ಡೀಸೆಲ್ಲೂ ಚೆಂದ ಇಳೀತೈತೆ, ಸುಳ್ಳು ಹೇಳಬಾರ್ದು. ಆದ್ರ ಈ ಕರೆಂಟಿಂದು, ಕಾಲು ತೆಗದ್ರ ತಾನೇ ತಡದು ಹಿಡಿತೈತೆ. ಎಲ್ಲೋ ಎರಡು ತಿರುವಿನಾಗ ಬ್ರೇಕ್ ಒತ್ತಿದೆ. ಇಳಿಯೋವಾಗ ಬ್ಯಾಟರಿನೂ ತುಂಬ್ಕಂತೈತೆ" ಎಂದ.

"ಊರು ನಗ್ತೈತೆ ತಂಗಿ" ಎಂದ ಪಂಪಾಪತಿ.

"ನಗ್ಲಿ ಬಿಡಣ್ಣ. ನಗೋರ ಕಾಲು ನೋಯಲ್ಲ, ನೋಯೋದು ನನ್ನ ಗಂಡಂದು."

ಕರೆಂಟಿನದನ್ನೇ ಕೊಂಡಳು. ನನಗೆ ಹೊಟ್ಟೆ ಉರಿಯಿತು, ಯಾಕೆ ಸುಳ್ಳು ಹೇಳಲಿ. ನನ್ನ ಕುಲವನ್ನೇ ಬೇಡವೆಂದಳಲ್ಲ. ಆದರೆ ಊರಿಗೆ ಊರೇ ನಕ್ಕರೂ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತ ಅವಳ ಮೇಲೆ ನನ್ನ ಸಿಟ್ಟು ಹೆಚ್ಚು ದಿನ ನಿಲ್ಲಲಿಲ್ಲ.

ದೀಪಾವಳಿ ಕಳೆದು ತಿಂಗಳುಗಳಾದವು. ಖಾನಾವಳಿಯ ಹಿಂದೆ ತುಕ್ಕು ಹಿಡಿಯುತ್ತಿದ್ದ ನನಗೆ ಗುಜರಿಯಿಂದ ಕರೆ ಬಂತು. ಎಳೆದೊಯ್ಯಲು ಪಂಪಾಪತಿಯ ಆಳುಗಳು ಹಗ್ಗ ತಂದರು. ನನ್ನನ್ನು ಎಳೆಯುವುದೆ? ಗಾದಿಲಿಂಗಪ್ಪ ಹತ್ತಿ ಕೂತು ಕೀಲಿ ತಿರುವಿದ. ಒಮ್ಮೆ ಕೆಮ್ಮಿದೆ, ಮತ್ತೆ ಕೆಮ್ಮಿದೆ, ಆಮೇಲೆ ಯಾರ್ಡೆಲ್ಲ ತಿರುಗಿ ನೋಡುವಂತೆ ಗುಡುಗಿದೆ. ಗುಜರಿಯವರೆಗೆ ನನ್ನ ಚಕ್ರದ ಮೇಲೇ ಹೋದೆ.

ಅಲ್ಲಿ ಎಂಜಿನ್ ಆರಿಸಿ ಅವನು ಸ್ಟಿಯರಿಂಗಿಗೆ ಹಣೆಯಿಟ್ಟು ಅತ್ತ. ನಾಳೆ ನನ್ನನ್ನು ಬಿಚ್ಚುತ್ತಾರೆ, ಬಿಚ್ಚಲಿ. ನಾನು ಸೋತು ಬಂದವನಲ್ಲ. ಅವನು ಕಣ್ಣೊರೆಸಿಕೊಂಡು ಬಾಗಿಲು ತೆಗೆದ. ಮೊಣಕಾಲಿಗೆ ಕೈ ಕೊಡದೆ ನೆಲಕ್ಕಿಳಿದ. ಎಷ್ಟೋ ವರ್ಷಗಳ ಮೇಲೆ ನನ್ನಿಂದ ಅವನು ಹಾಗೆ ಇಳಿದದ್ದು ಅದೇ ಮೊದಲು.