ಕಡಿಮೆ ಅಪಾಯ

"ಇವತ್ತು ಅತ್ತೆ ಏನಂತಾಳೆ?" ಎಂದು ಪಕ್ಕದ ಮೇಜಿನ ಹುಡುಗಿ ಕುರ್ಚಿ ಎಳೆದುಕೊಳ್ಳುತ್ತ ಕೇಳಿದಳು.

"ಏನಂತಾಳೆ, ಎಂದಿನ ಹಾಗೇ. ಕೂತರೆ ತಪ್ಪು, ನಿಂತರೆ ತಪ್ಪು," ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ.

ಅತ್ತೆ ಎಂದರೆ ಮನುಷ್ಯಳಲ್ಲ. ಬೇರೆ ಕಂಪನಿಗಳು ಬರೆದ ಪ್ರೋಗ್ರಾಮುಗಳನ್ನು ಸಾಲು ಸಾಲಾಗಿ ಓದಿ, ಎಲ್ಲಿ ಕಳ್ಳ ನುಗ್ಗಬಹುದು ಎಂದು ತೋರಿಸುವ ಒಂದು ತಂತ್ರಾಂಶ. ಎಲ್ಲದಕ್ಕೂ ಕೊಂಕು ತೆಗೆಯುವ ಗುಣ ಕಂಡು ಆಫೀಸಿನವರೇ ಇಟ್ಟ ಹೆಸರು ಅದು. ಅದರ ದೂರುಗಳಲ್ಲಿ ಮುಕ್ಕಾಲು ಪಾಲು ಬರೀ ಗೊಣಗಾಟ. ಯಾವುದು ನಿಜ, ಯಾವುದು ಸುಳ್ಳು ಎಂದು ಕೂತು ಬೇರ್ಪಡಿಸುವುದು ಅಕ್ಕನ ಕೆಲಸ. ಕಾಳಿನಲ್ಲಿ ಕಲ್ಲು ಆರಿಸುವವರ ಕೆಲಸಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ. ವಯಸ್ಸಿನಲ್ಲಿ ಹಿರಿಯಳಾದ್ದರಿಂದ ಆಫೀಸಿನಲ್ಲೂ ಅವಳು ಅಕ್ಕ. ಮನೆಯಲ್ಲಿ ಹಾಗೆ ಕರೆಯುತ್ತಿದ್ದ ಒಬ್ಬಳೇ ತಂಗಿ ಈಗ ಮಾತು ಬಿಟ್ಟಿದ್ದಳು.

ಆ ವಾರ ಪರೀಕ್ಷೆಗೆ ಬಂದಿದ್ದು ಶಾಲಾ ಬಸ್ಸಿನ ಆ್ಯಪ್. ಬಸ್ಸು ಎಲ್ಲಿದೆ, ಮಗು ಯಾವ ಸ್ಟಾಪಿನಲ್ಲಿ ಇಳಿಯಿತು ಎಂದು ಹೆತ್ತವರ ಮೊಬೈಲಿಗೆ ತೋರಿಸುವಂಥದ್ದು. ಊರಿನ ಅರ್ಧಕ್ಕರ್ಧ ಶಾಲೆಗಳು ಅದನ್ನೇ ಬಳಸುತ್ತಿದ್ದವು. ತಂಗಿಯ ಮಗಳ ಶಾಲೆಯೂ ಅವುಗಳಲ್ಲಿ ಒಂದು. ಅತ್ತೆ ಎಂದಿನಂತೆ ಉದ್ದಕ್ಕೆ ಗೊಣಗಿದ್ದಳು. ಕೊನೆಯಲ್ಲೆಲ್ಲೋ ಒಂದು ದೂರು: ಹಳೆಯ ಅನುಮತಿ ರದ್ದಾಗುತ್ತಿಲ್ಲ, ಅಪಾಯ ಕಡಿಮೆ. ಕಡಿಮೆ ಎಂದು ಬಂದ ದೂರುಗಳನ್ನು ಕಂಡೂ ಕಾಣದಂತೆ ದಾಟಿಸುವುದು ಅವರಲ್ಲಿ ವಾಡಿಕೆ. ಅಂದು ಲೋಟದಲ್ಲಿ ಇನ್ನೂ ಟೀ ಉಳಿದಿತ್ತು. ಮುಗಿಯುವ ತನಕ ನೋಡೋಣ ಎಂದು ಅಕ್ಕ ಆ ಭಾಗವನ್ನು ತೆರೆದಳು.

ಮಗುವಿನ ಪೋಷಕರಲ್ಲಿ ಒಬ್ಬರನ್ನು ತೆಗೆದುಹಾಕಿದಾಗ ಏನಾಗಬೇಕು ಎಂಬುದನ್ನು ಅಲ್ಲಿ ಬರೆದಿದ್ದರು. ಪರದೆಯಿಂದ ಹೆಸರು ಅಳಿಸಿಹೋಗುತ್ತಿತ್ತು, ಅಷ್ಟೇ. ಆ ಮನುಷ್ಯನ ಮೊಬೈಲಿಗೆ ಹಿಂದೊಮ್ಮೆ ಕೊಟ್ಟ ಅನುಮತಿ ಹಾಗೇ ಉಳಿಯುತ್ತಿತ್ತು. ಅವನಾಗಿಯೇ ಆ್ಯಪ್‌ನಿಂದ ಹೊರಬರುವ ತನಕ ಬಸ್ಸು ಅವನಿಗೆ ಕಾಣುತ್ತಲೇ ಇರುತ್ತಿತ್ತು. ಶಾಲೆ ಬದಲಾಗಲಿ, ಸ್ಟಾಪು ಬದಲಾಗಲಿ, ಮಗು ಅದೇ, ಮಗುವಿನ ಖಾತೆ ಅದೇ. ಬಾಗಿಲ ಮೇಲಿನ ಹೆಸರು ಒರೆಸಿ, ಬೀಗದ ಕೈಯನ್ನು ಅವನ ಜೇಬಿನಲ್ಲೇ ಬಿಟ್ಟ ಹಾಗೆ.

ಅಕ್ಕ ಮತ್ತೊಮ್ಮೆ ಓದಿದಳು.

ತಂಗಿ ಗಂಡನನ್ನು ಬಿಟ್ಟು ಬಂದದ್ದು ಹಿಂದಿನ ಚಳಿಗಾಲದಲ್ಲಿ, ಮುರಿದ ಮಣಿಕಟ್ಟಿಗೆ ಪ್ಲಾಸ್ಟರು ಹಾಕಿಸಿಕೊಂಡು, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದುಕೊಂಡು. ಅಕ್ಕನೇ ಬಾಡಿಗೆ ಮನೆ ಹುಡುಕಿದಳು, ಮಗುವಿನ ಶಾಲೆ ಬದಲಾಯಿಸಿದಳು, ತಂಗಿಯ ಮೊಬೈಲನ್ನು ಇಡೀ ದಿನ ಕೂತು ಜಾಲಾಡಿದಳು. ಬಸ್ಸಿನ ಆ್ಯಪ್‌ನಿಂದ ತಂಗಿಯ ಗಂಡನ ಹೆಸರು ತೆಗೆದವಳೂ ಅವಳೇ. "ಹೋದ ನೋಡು! ಇನ್ನು ಬಸ್ಸಿನ ಹೊಗೇನೂ ಅವನ ಕಣ್ಣಿಗೆ ಬೀಳಲ್ಲ," ಎಂದು ಜಂಬದಿಂದ ಹೇಳಿದ್ದಳು. ಎಷ್ಟೋ ತಿಂಗಳ ಮೇಲೆ ಅಂದು ತಂಗಿ ನಕ್ಕಿದ್ದಳು.

ಸ್ವಲ್ಪ ದಿನಕ್ಕೇ ಅವನು ಹೊಸ ಸ್ಟಾಪಿನಲ್ಲಿ ಬಂದು ನಿಂತ. ಬೈಯಲಿಲ್ಲ, ಕೈ ಎತ್ತಲಿಲ್ಲ. ಮಗಳ ಚೀಲ ಇಸಿದುಕೊಂಡು ನಗುನಗುತ್ತ ಮನೆ ಬಾಗಿಲ ತನಕ ನಡೆದು ಬಂದ. "ರಸ್ತೇಲಿ ನಿಂತರೆ ನಾವೇನು ಮಾಡೋಕಾಗುತ್ತಮ್ಮ, ರಸ್ತೆ ಎಲ್ಲರದ್ದು," ಎಂದರು ಪೊಲೀಸರು. ಮನೆ ಬದಲಾಯಿತು. ಅಲ್ಲಿಗೂ ಬಂದ. ಮತ್ತೆ ಬದಲಾಯಿತು. ಬೇತಾಳ ಬೆನ್ನು ಬಿಟ್ಟರೆ ತಾನೇ!

"ಅವನಿಗೆ ಹೇಗೆ ಗೊತ್ತಾಗುತ್ತೆ ಅಕ್ಕಾ?" ಎಂದು ತಂಗಿ ಮೂರನೆಯ ಮನೆಯ ನೆಲದ ಮೇಲೆ, ಬಿಚ್ಚದ ಗಂಟುಗಳ ನಡುವೆ ಕುಳಿತು ಕೇಳಿದ್ದಳು.

"ಮೊಬೈಲು, ಆ್ಯಪು ಎಲ್ಲಾ ನಾನೇ ಕೈಯಾರೆ ನೋಡಿದ್ದೀನಿ. ಅದರಲ್ಲಿ ಏನೂ ಇಲ್ಲ. ನೀನು ಹೇಳದೆ ಅವನಿಗೇನು ಕನಸು ಬಿತ್ತಾ?"

"ನಾನು ಹೇಳಿಲ್ಲ."

"ಭಾನುವಾರ ಮಗು ಹತ್ರ ಮಾತಾಡೋಕೆ ಫೋನ್ ಮಾಡ್ತಾನಲ್ಲ, ಆಗ ಬಾಯಿ ತಪ್ಪಿ ಅಂದಿರ್ತೀಯ. ಅಂದಿದ್ದೀನಿ ಅಂತ ಒಪ್ಕೋ ಮಾರಾಯ್ತಿ, ನಾನೇನು ನಿನ್ನ ನುಂಗಲ್ಲ."

ತಂಗಿ ಮತ್ತೆ ಆ ಮಾತೆತ್ತಲಿಲ್ಲ. ಮುಂದಿನ ತಿಂಗಳು, ಗಂಟುಮೂಟೆ ಕಟ್ಟಿಕೊಂಡು ಅವನ ಮನೆಗೇ ವಾಪಸು ಹೋದಳು. ಅಕ್ಕನಿಗೆ ಸಿಟ್ಟು ನೆತ್ತಿಗೇರಿತ್ತು. ಇಷ್ಟೆಲ್ಲ ಮಾಡಿದ್ದು ಇದಕ್ಕಾ, ಹಾಳಾಗಿ ಹೋಗಲಿ ಎಂದು ಅವಳೂ ಫೋನು ಮಾಡುವುದನ್ನು ಬಿಟ್ಟುಬಿಟ್ಟಳು.

ಈಗ ಟೀ ಲೋಟವನ್ನು ಅಲ್ಲೇ ಬಿಟ್ಟು ಎದ್ದು ಮುಖ್ಯಸ್ಥರ ಕೋಣೆಗೆ ಹೋದಳು. ಏನು ಕೇಳಿದರೂ "ಆಮೇಲೆ ನೋಡೋಣ" ಎನ್ನುತ್ತಿದ್ದ ಅವರನ್ನು ಎಲ್ಲರೂ ಹಿಂದಿನಿಂದ 'ಆಮೇಲೆ ಸಾರ್' ಎನ್ನುತ್ತಿದ್ದರು. ಕೆಟ್ಟವರಲ್ಲ, ಪಾಪ. ಕನ್ನಡಕ ಹಣೆಗೇರಿಸಿ ಪೂರ್ತಿ ಕೇಳಿಸಿಕೊಂಡರು.

"ಸರಿ, ದೋಷ ಇದೆ. ಬರೆದು ಕಳಿಸೋಣ. ಆದರೆ ಇದನ್ನ ಅತಿ ತೀವ್ರ ಅಂದರೆ ಆ ಕಂಪನಿಯವರು ನಗ್ತಾರಮ್ಮ. ದುಡ್ಡು ಹೋಗಲ್ಲ, ಪಾಸ್‌ವರ್ಡ್ ಹೋಗಲ್ಲ. ಬಸ್ಸು ಕಂಡರೆ ಯಾರಿಗೆ ಏನಾಗುತ್ತೆ?"

"ಬಿಟ್ಟು ಬಂದ ಹೆಂಡತಿ ಎಲ್ಲಿದಾಳೆ ಅಂತ ಗಂಡನಿಗೆ ಗೊತ್ತಾಗುತ್ತೆ."

"ಅಂಥ ಕೇಸು ಎಷ್ಟಿರುತ್ತೆ ಹೇಳಿ?"

"ಒಂದು ನನಗೆ ಗೊತ್ತು ಸಾರ್."

ಅವರು ಕನ್ನಡಕವನ್ನು ಮೂಗಿಗಿಳಿಸಿ ಅವಳನ್ನು ನೋಡಿದರು. ಆಮೇಲೆ ಧ್ವನಿ ತಗ್ಗಿಸಿ, "ನಿಯಮ ನಿಮಗೆ ಗೊತ್ತಿದೆ. ಅವರು ಸರಿಪಡಿಸೋ ತನಕ ಹೊರಗೆ ಯಾರ ಹತ್ತಿರಾನೂ ಬಾಯಿ ಬಿಡೋ ಹಾಗಿಲ್ಲ. ಕಳ್ಳರ ಕಿವಿಗೆ ಬಿದ್ದರೆ ಏನು ಗತಿ? ಕೆಲಸ ಹೋಗುತ್ತೆ ನಿಮ್ಮದು," ಎಂದರು.

"ಕಳ್ಳನಿಗೆ ಮೊದಲೇ ಗೊತ್ತು ಸಾರ್. ಗೊತ್ತಿಲ್ಲದಿರೋದು ಮನೆಯವಳಿಗೆ."

ಅಕ್ಕ ಅರ್ಧ ದಿನದ ರಜೆ ಹಾಕಿ ತಂಗಿಯ ಮನೆಗೆ ಹೊರಟಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಳು. ಅವನೇನು ಮಾಟಗಾರನಲ್ಲ ಕಣೇ, ಒಂದು ಹಾಳು ಆ್ಯಪು ಅಷ್ಟೇ, ಅದನ್ನು ಬಿಟ್ಟರೆ ಅವನು ಕುರುಡ. ಬಾ, ಮತ್ತೆ ಹೋಗೋಣ. ಈ ಸಲ ತಂಗಿ ಬಂದೇ ಬರುತ್ತಾಳೆ ಎಂದು ಅವಳಿಗೆ ಅನಿಸಿತ್ತು. ಸುದ್ದಿ ಒಳ್ಳೆಯದೇ ಅಲ್ಲವೇ? ಬಾಗಿಲು ತಂಗಿ ತೆಗೆದರೆ ಸಾಕು ಎಂದುಕೊಂಡು ಬೆಲ್ ಒತ್ತಿದಳು.

ಬಾಗಿಲು ತೆಗೆದದ್ದು ಅವನು. ರಾತ್ರಿ ಪಾಳಿಯವನು, ನಿದ್ದೆ ಮುಗಿಸಿ, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

"ಓಹೋ, ಅಕ್ಕ! ಬನ್ನಿ ಬನ್ನಿ. ದಾರಿ ತಪ್ಪಿ ಬಂದ್ರಾ? ಲೇ, ಯಾರು ಬಂದಿದಾರೆ ನೋಡು."

ತಂಗಿ ಅಡುಗೆಮನೆಯಿಂದ ಇಣುಕಿ, "ಬಾ ಅಕ್ಕ," ಎಂದು ಮತ್ತೆ ಒಳಗೆ ಹೋದಳು. ಸೊರಗಿ ಇಳಿದುಹೋಗಿದ್ದಳು. ಅವನು ಟಿವಿಯ ಮುಂದೆ ಕುಳಿತು, ಎದುರಿನ ಕುರ್ಚಿ ತೋರಿಸಿದ. ಅವನ ಮೊಬೈಲು ಸೋಫಾದ ತೋಳಿನ ಮೇಲಿತ್ತು. ಅದರಲ್ಲಿ ನಕ್ಷೆಯ ಮೇಲೆ ಪುಟ್ಟ ಹಳದಿ ಬಸ್ಸೊಂದು ಬೀದಿಯಿಂದ ಬೀದಿಗೆ ಸರಿಯುತ್ತಿತ್ತು.

"ಗುಬ್ಬಿ ಇನ್ನೇನು ಬಂದ್ಲು," ಎಂದ ಅವನು, ಮಗಳನ್ನು ಮನೆಯಲ್ಲಿ ಕರೆಯುವ ಹೆಸರಿನಲ್ಲಿ. ಅಕ್ಕ ನೋಡುತ್ತಿರುವುದನ್ನು ಕಂಡು ಮೊಬೈಲನ್ನು ಮಗುಚಿ ಹಾಕಿದ. "ನಿಮ್ಮ ತಂಗಿ ಈಗ ಪರವಾಗಿಲ್ಲ ಅಕ್ಕ. ಮರೆವು ಒಂದು ಬಿಟ್ಟರೆ. ಸ್ಟಾಪು, ಮನೆ ನಂಬರು ಎಲ್ಲಾ ತಾನೇ ಫೋನಲ್ಲಿ ಹೇಳಿದ್ದು, ಆಮೇಲೆ ಹೇಳೇ ಇಲ್ಲ ಅನ್ನೋದು. ಪಾಪ, ಹಾಗಿದ್ದವಳು ಮಗು ಕಟ್ಕೊಂಡು ಒಬ್ಬಳೇ ಇದ್ದಿದ್ರೆ ಏನಾಗ್ತಿತ್ತೋ."

"ಟೀಗೆ ನಾನೂ ಕೈ ಜೋಡಿಸ್ತೀನಿ," ಎಂದು ಅಕ್ಕ ಎದ್ದು ಒಳಗೆ ಹೋದಳು.

ಒಲೆಯ ಮೇಲೆ ಟೀ ಕುದಿಯುತ್ತಿತ್ತು. ಅಕ್ಕ ತಂಗಿಯ ಕಿವಿಯ ಹತ್ತಿರ ಬಾಯಿ ತಂದು, ದಾರಿಯಲ್ಲಿ ಜೋಡಿಸಿಕೊಂಡದ್ದನ್ನೆಲ್ಲ ಮರೆತು, ಹಿಂದುಮುಂದಾಗಿ ಹೇಳಿದಳು. ಬಸ್ಸಿನ ಆ್ಯಪು. ಹೆಸರು ಹೋದರೂ ಅವನಿಗೆ ಕಾಣುತ್ತಿತ್ತು. ಮೊದಲಿನಿಂದಲೂ. ಮೂರು ಮನೆಯಲ್ಲೂ. "ನಾನು ಸರಿಯಾಗಿ ನೋಡಿರ್ಲಿಲ್ಲ ಕಣೇ. ತಪ್ಪು ನಂದು. ನಿನ್ನ ಮೇಲೆ ಹಾಕಿದೆ."

ತಂಗಿ ಒಲೆ ಸಣ್ಣ ಮಾಡಿದಳು. "ಹಾಗಾದ್ರೆ ನಾನು ಹೇಳಿರ್ಲಿಲ್ಲ?"

"ಇಲ್ಲ."

"ಭಾನುವಾರ ಫೋನಲ್ಲಿ?"

"ಇಲ್ವೇ, ಇಲ್ಲ."

ತಂಗಿ ಒಲೆ ಆರಿಸಿದಳು. "ಅವನು ಅಂತಿದ್ದ, ನೀನೇ ಹೇಳಿದ್ದು, ನಿನಗೇ ನೆನಪಿಲ್ಲ ಅಂತ. ಅವನ ಮಾತು ನಾನು ಎಳ್ಳಷ್ಟೂ ನಂಬಿರ್ಲಿಲ್ಲ ಅಕ್ಕಾ. ಆಮೇಲೆ ನೀನೂ ಅದನ್ನೇ ಅಂದೆ."

ತಂಗಿ ಕಪಾಟಿನಿಂದ ಲೋಟಗಳನ್ನು ತೆಗೆದಳು.

"ಇಂಥದ್ದೆಲ್ಲ ಗೊತ್ತಿರೋಳು ನೀನು. ನೀನೇ ಅಂದ ಮೇಲೆ ನನ್ನ ತಲೇನೇ ಕೆಟ್ಟಿರಬೇಕು ಅನ್ನಿಸ್ತು. ತಲೆ ಕೆಟ್ಟೋಳು ಮಗು ಇಟ್ಕೊಂಡು ಒಬ್ಬಳೇ ಇರಬಾರದು ಅಂತ ಬಂದ್ಬಿಟ್ಟೆ."

"ಈಗ ಹೋಗೋಣ ಬಾ. ಈಗ್ಲೇ. ಸ್ಟಾಪಿಂದಲೇ ಗುಬ್ಬೀನ ಕರ್ಕೊಂಡು ಹೋಗೋಣ. ಆ ಬಸ್ಸೂ ಬೇಡ, ಆ ಆ್ಯಪೂ ಬೇಡ, ದಿನಾ ನಾನೇ ಬಿಟ್ಟು ಬರ್ತೀನಿ. ಬಾರೇ," ಎಂದು ಅಕ್ಕ ಅವಳ ತೋಳು ಹಿಡಿದಳು.

"ಅಕ್ಕ ತಂಗಿ ಏನು ಗುಸುಗುಸು?" ಎಂದು ಹೊರಗಿನಿಂದ ಅವನ ಧ್ವನಿ ಬಂತು.

"ಏನಿಲ್ಲಾ ರೀ, ಸಕ್ಕರೆ ಹಾಕ್ತಿದ್ದೀನಿ, ಬಂದೆ!" ಎಂದಳು ತಂಗಿ. ಎಷ್ಟು ಸಲೀಸಾಗಿ, ಎಷ್ಟು ಸಿಹಿಯಾಗಿ ಎಂದರೆ ಅಕ್ಕನಿಗೆ ಭಯವಾಯಿತು. ಈ ಧ್ವನಿಯನ್ನು ಅವಳು ಹಿಂದೆ ಕೇಳಿರಲಿಲ್ಲ.

ತಂಗಿ ಲೋಟಗಳನ್ನು ತಟ್ಟೆಯಲ್ಲಿ ಇಟ್ಟಳು. ಟೀ ಬಗ್ಗಿಸಿದಳು. ತಟ್ಟೆ ಎತ್ತಲು ಹೋಗಿ, ಎತ್ತದೆ ನಿಂತಳು.

"ಇನ್ನೊಂದ್ಸಲ ಹೇಳು."

"ಏನು?"

"ನಾನು ಹೇಳಿರ್ಲಿಲ್ಲ ಅಂತ."

"ನೀನು ಹೇಳಿರ್ಲಿಲ್ಲ."

ತಂಗಿ ಗೋಡೆಗೆ ಬೆನ್ನು ಜಾರಿಸುತ್ತ ಗ್ಯಾಸ್ ಸಿಲಿಂಡರಿನ ಪಕ್ಕ ನೆಲದ ಮೇಲೆ ಕುಳಿತುಬಿಟ್ಟಳು. ದುಪಟ್ಟಾದ ಚುಂಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ಭುಜ ಒಂದೇ ಸಮನೆ ಅದುರುತ್ತಿತ್ತು. ಒಂದಿಷ್ಟೂ ಸದ್ದು ಹೊರಬೀಳಲಿಲ್ಲ.

ಹೊರಗೆ ಟಿವಿಯ ಸದ್ದು ನಿಂತಿತು.

ಅಳು ಹೊರಗೆ ಕೇಳದ ಹಾಗೆ ಅಕ್ಕ ಕೈ ಚಾಚಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಸಿಂಕಿನಲ್ಲಿದ್ದ ಖಾಲಿ ಪಾತ್ರೆಯ ಮೇಲೆ ನೀರು ಧೋ ಎಂದು ಬೀಳತೊಡಗಿತು.