ಕೆಂಪು ಟ್ಯಾಂಕಿನ ಕೊಳೆ

ನನ್ನ ಗಂಡ ಒಂದು ವಾರ ಕೂತು ಬಣ್ಣ ಹಚ್ಚುತ್ತಾರೆ, ಇನ್ನೊಂದು ವಾರ ಕೂತು ಅದಕ್ಕೇ ಕೊಳೆ ಬಳಿಯುತ್ತಾರೆ. ಮನೆಯಲ್ಲಿ ಕೊಳೆ ತೆಗೆಯುವವಳು ನಾನು, ದುಡ್ಡು ಕೊಟ್ಟು ಕೊಳೆ ತರುವವರು ಇವರು. ಇವರು ಜೋಡಿಸುವ ಅಂಗೈಯಗಲದ ಪ್ಲಾಸ್ಟಿಕ್ ಯುದ್ಧ ಟ್ಯಾಂಕುಗಳು ನನ್ನ ಪಿಂಗಾಣಿ ಬಟ್ಟಲುಗಳನ್ನು ಹಿಂದಕ್ಕೆ ತಳ್ಳಿ ಷೋಕೇಸಿನಲ್ಲಿ ಜಾಂಡಾ ಊರಿವೆ. "ಚೆನ್ನಾಗಿರೋದನ್ನ ಯಾಕ್ರೀ ಹಾಳು ಮಾಡ್ತೀರ?" ಅಂದರೆ, "ಓಡಾಡಿದ ಗಾಡಿ ಓಡಾಡಿದ ಹಾಗೇ ಕಾಣ್ಬೇಕು ಕಣೇ" ಅನ್ನುತ್ತಾರೆ. ನಾನು ಬಟ್ಟೆ ಹೊಲಿಯುವವಳು. ಹೊಸದನ್ನು ಹಳೆಯದು ಮಾಡುವ ಈ ವಿದ್ಯೆ ಇವತ್ತಿಗೂ ನನ್ನ ತಲೆಗೆ ಹತ್ತಿಲ್ಲ.

ಆದರೂ ಅವರ ಒಂದು ಮಾತು ಕಿವಿಯಲ್ಲಿ ಉಳಿದಿದೆ. ಹಚ್ಚಿದ ಮಸಿಯನ್ನು ಒರೆಸಿ ಒರೆಸಿ ತೆಗೆಯುತ್ತ ಹೇಳುತ್ತಿದ್ದರು, "ಕೊಳೆ ಕೆಳಗಿನ ಬಣ್ಣ ಸಾಯ್ಬಾರ್ದು. ಸತ್ರೆ ಅದು ಬರೀ ಕೆಸರು."

ಈ ವರ್ಷ ಅವರಿಗೆ ಕ್ಷಯ ಬಂತು. ಕೆಮ್ಮಿ ಕೆಮ್ಮಿ ಕಡ್ಡಿಯಾದರು. ಬಣ್ಣ ಸ್ಪ್ರೇ ಮಾಡುವುದನ್ನು ನಾನೇ ಬಿಡಿಸಿದೆ, ಇನ್ನು ಕುಂಚ ಮಾತ್ರ. ದಿನಾ ಬೆಳಿಗ್ಗೆ ಎದುರು ನಿಂತು ಮಾತ್ರೆ ನುಂಗಿಸಿದೆ, ಬಾಯಿ ಬಿಡಿಸಿ ನಾಲಿಗೆ ಕೆಳಗೂ ನೋಡಿದೆ. ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು: "ಇದರಲ್ಲಿ ಒಂದು ಮಾತ್ರೆ ಅಪರೂಪಕ್ಕೆ ಕಣ್ಣಿಗೆ ತೊಂದರೆ ಕೊಡುತ್ತೆ. ಬಣ್ಣ ಮಂಕಾಗಿ ಕಂಡ್ರೆ ತಕ್ಷಣ ಬನ್ನಿ. ತಡ ಮಾಡಿದ್ರೆ ಹೋದ ದೃಷ್ಟಿ ವಾಪಸ್ ಬರದೇ ಇರಬಹುದು." ಕೆಮ್ಮು ನಿಂತಿತು. ಎಷ್ಟೋ ದಿನದ ಮೇಲೆ ನಾನು ಕಣ್ತುಂಬ ನಿದ್ದೆ ಮಾಡಿದೆ.

ಆಗ ಶುರು ಮಾಡಿದ್ದೇ ಈ ಕೆಂಪು ಟ್ಯಾಂಕು. ತೋಪು ಕಿತ್ತು ನೀರಿನ ಕೊಳವೆ ಕೂರಿಸಿದ, ಬೆಂಕಿ ಆರಿಸುವ ಗಾಡಿಯ ಮಾದರಿ. ಮೈಯೆಲ್ಲ ಕೆಂಪು ಬಳಿದರು. ಸ್ಪಂಜಿನ ಚೂರಿನಿಂದ ಅಂಚಿನ ಬಣ್ಣ ಕಿತ್ತುಹೋದ ಹಾಗೆ ಚುಕ್ಕೆ ಒತ್ತಿದರು, ಸಂದಿಗೆ ತೆಳ್ಳಗೆ ಕಪ್ಪು ಇಳಿಸಿದರು, ತುಕ್ಕಿನ ಪುಡಿ ಉದುರಿಸಿದರು. ಮಾರನೆಯ ದಿನ ಮತ್ತೆ ಕಪ್ಪು, ಮತ್ತೆ ತುಕ್ಕು. ಒರೆಸಿದ್ದು ಮಾತ್ರ ನಾನು ನೋಡಲಿಲ್ಲ.

ನಿನ್ನೆ ಮೈದುನ ಬಂದಿದ್ದ. ಅವನಿಗೂ ಇದೇ ಹುಚ್ಚು. ಟ್ಯಾಂಕನ್ನು ಬೆಳಕಿಗೆ ಹಿಡಿದು, "ಅಣ್ಣನ ಕೈ ನೋಡಿ ಅತ್ತಿಗೆ. ಇಷ್ಟು ಕೊಳೆ ಹಾಕೋಕೆ ಗುಂಡಿಗೆ ಬೇಕು" ಅಂದ. ಇವರು ಕುಂಚ ತೊಳೆಯುತ್ತ ಕೂತರು.

ನಾನೂ ಇಣುಕಿದೆ. ಅದರಲ್ಲಿ ಕೆಂಪೇ ಇರಲಿಲ್ಲ. ಸೀದ ಬಾಣಲೆಯ ತಳದ ಹಾಗಿತ್ತು.

ಮೈದುನ ಹೋದ ಮೇಲೆ ಮೆಷಿನ್ ಮುಂದೆ ಕೂತು, "ರೀ, ಕೆಂಪು ದಾರ ಕೊಡಿ" ಅಂದೆ. ಬಟ್ಟೆಗೆ ಒಪ್ಪುವ ದಾರ ಆರಿಸಿಕೊಡುತ್ತಿದ್ದವರು ಯಾವಾಗಲೂ ಇವರೇ. ನಾನು ಎಡವಿದರೂ ಇವರು ಎಡವುತ್ತಿರಲಿಲ್ಲ. ಡಬ್ಬಿಯನ್ನು ಕಿಟಕಿ ಹತ್ತಿರ ಒಯ್ದರು. ಒಂದು ರೀಲು ಎತ್ತಿದರು, ಇಟ್ಟರು.

"ಯಾವ ಕೆಂಪು?"

"ಅಪ್ಪಟ ಕೆಂಪು. ರಕ್ತದಂಥದ್ದು."

ತಂದುಕೊಟ್ಟರು. ಕಂದು ದಾರ.

"ಯಾವಾಗಿಂದ?" ಅಂದೆ.

ಸಿಕ್ಕಿಬಿದ್ದಿದ್ದು ಅವರಿಗೂ ಗೊತ್ತಾಯಿತು. "ಟ್ಯಾಂಕು ಶುರು ಮಾಡಿದ ಮೇಲೆ. ಮೊದಮೊದಲು ಬಣ್ಣವೇ ಹಳೇದು ಅಂದ್ಕೊಂಡೆ."

"ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಹೇಳಿದ್ರೆ ಮಾತ್ರೆ ನಿಲ್ಲಿಸ್ತಾರೆ. ಕೆಮ್ಮು ಮತ್ತೆ ಬರುತ್ತೆ. ನೀನು ಈಗ ತಾನೆ ನಿದ್ದೆ ಮಾಡ್ತಾ ಇದೀಯ."

ಡಬ್ಬಿ ಎತ್ತಿ ಗೋಡೆಗೆ ಒಗೆಯುವಷ್ಟು ಸಿಟ್ಟು ಬಂತು. ಬೈಯಲು ಮಾತ್ರ ಬಾಯಿ ಬರಲಿಲ್ಲ. ದಿನಾ ಬಾಯಿ ಬಿಡಿಸಿ ನುಂಗಿಸಿದವಳು ನಾನೇ ಅಲ್ಲವೇ.

"ಆ ಮಾತ್ರೆ ಬಿಟ್ರೆ ಇನ್ನೊಂದು ಕೊಡ್ತಾರೆ. ಕಣ್ಣು ಎಲ್ಲಿಂದ ತಂದು ಕೊಡ್ತಾರೆ? ಏಳಿ, ಅಂಗಿ ಹಾಕ್ಕೊಳ್ಳಿ."

"ಅಷ್ಟೇನೂ ಆಗಿಲ್ಲ ಕಣೇ, ಸ್ವಲ್ಪ ಮಂಕು. ಟ್ಯಾಂಕು ಕೆಂಪಾಗೇ ಇದೆ ತಾನೆ? ತಮ್ಮನೂ ಹೊಗಳಿದ್ನಲ್ಲ."

ನಾನು ಟ್ಯಾಂಕನ್ನು ಕೈಗೆತ್ತಿಕೊಂಡೆ. ಡ್ರೈವರ್ ಇಳಿಯುವ ಪುಟ್ಟ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದೆ. ಅದರ ಒಳಮೈಗೆ ಅವರಿನ್ನೂ ಕೊಳೆ ಹಚ್ಚಿರಲಿಲ್ಲ. ಮೊದಲು ಬಳಿದ ಕೆಂಪು ಕಣ್ಣು ಕುಕ್ಕುವಂತೆ ಹಾಗೇ ಇತ್ತು. ಅವರ ಮುಖದ ಹತ್ತಿರ ಹಿಡಿದೆ.

ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ತುಂಬ ಹೊತ್ತು ನೋಡಿದರು.

"ಪರವಾಗಿಲ್ಲ ಕಣೇ," ಅಂದರು, "ಒಳಗೂ ಕೊಳೆ ಚೆನ್ನಾಗೇ ಕೂತಿದೆ."

ನಾನು ಮುಚ್ಚಳ ಮುಚ್ಚಿ, ಚಪ್ಪಲಿ ತಂದು ಅವರ ಕಾಲ ಬಳಿ ಇಟ್ಟೆ.